ಹಿತ್ತಲ ಡೆಕ್‌ಗೆ ಸ್ಟೀಲ್ ಪಿಯರೋ, ಕಾಂಕ್ರೀಟ್ ಪಾಯವೋ? ಮೂಟೆ ಲೆಕ್ಕದಲ್ಲಿ ನೋಡೋಣ

"ಭಾವ, ಈ ಮಣ್ಣನ್ನ ಎಲ್ಲಿ ಹಾಕೋದು?"

ಭಾಮೈದ ಇದನ್ನು ಕೇಳಿದಾಗ ನಾವಿಬ್ಬರೂ ಆರನೇ ಗುಂಡಿಯಲ್ಲಿದ್ದೆವು. ಇನ್ನೂ ಮೂರು ಬಾಕಿ. ನನ್ನ ಖರ್ಚಿನ ಪಟ್ಟಿಯಲ್ಲಿ ಕಾಂಕ್ರೀಟ್ ಮೂಟೆ ಇತ್ತು, ಮರ ಇತ್ತು, ಬೋಲ್ಟು ಮೊಳೆ ಎಲ್ಲ ಇತ್ತು. ಮಣ್ಣು ಮಾತ್ರ ಇರಲಿಲ್ಲ. ಗುಂಡಿಯ ಪಕ್ಕದಲ್ಲಿ ಗುಡ್ಡೆ ಬಿದ್ದಿದ್ದ ಮಣ್ಣು ನೋಡಿದರೆ ಇಷ್ಟೆಲ್ಲ ಆ ಸಣ್ಣ ಗುಂಡಿಯೊಳಗೆ ಇತ್ತಾ ಅನ್ನಿಸುತ್ತಿತ್ತು.

ಅದು ನನ್ನ ಮೊದಲ ಡೆಕ್, ಅಂದರೆ ಕಂಬಗಳ ಮೇಲೆ ಕೂರಿಸುವ ಮರದ ಹಲಗೆಯ ಜಗಲಿ. 4 ಮೀಟರ್ ಅಗಲ, 5 ಮೀಟರ್ ಉದ್ದ, ಒಂಬತ್ತು ಕಂಬ, ಎಲ್ಲಕ್ಕೂ ಕಾಂಕ್ರೀಟ್ ಪಾಯ. ಕೆಲವು ವರ್ಷಗಳ ನಂತರ ಇನ್ನೊಂದು ಮನೆಯಲ್ಲಿ ಎರಡನೇ ಡೆಕ್ ಕಟ್ಟಿದೆ. ಅದಕ್ಕೆ ಸ್ಟೀಲ್ ಪಿಯರ್ ಹಾಕಿಸಿದೆ, ಅಂದರೆ ಸ್ಕ್ರೂ ಥರ ನೆಲಕ್ಕೆ ತಿರುಗಿಸಿ ಇಳಿಸುವ ಕಬ್ಬಿಣದ ಕಾಲು. ಎರಡರಲ್ಲೂ ಬೆವರು, ದುಡ್ಡು ಎರಡೂ ಹೋಗಿದೆ. ಯಾರಾದರೂ "ಯಾವುದು ಅಗ್ಗ?" ಅಂತ ಕೇಳಿದರೆ ನೇರ ಉತ್ತರ ಕೊಡಲ್ಲ. ಪೆನ್ನು ಕಾಗದ ತಗೊಂಡು ಬನ್ನಿ ಅಂತೀನಿ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಒಂದು ಸ್ಟೀಲ್ ಪಿಯರ್‌ನ ಬೆಲೆಯ ಪಕ್ಕ ಒಂದು ಗುಂಡಿಗೆ ಬೇಕಾಗುವ ಮೂಟೆಗಳ ಬೆಲೆ ಇಟ್ಟು ನೋಡಿದೆ. ಹಾಗೆ ನೋಡಿದರೆ ಕಾಂಕ್ರೀಟ್ ಯಾವಾಗಲೂ ಅಗ್ಗವೇ. ಆದರೆ ಮೂಟೆ ತಾನಾಗಿ ಗುಂಡಿಗೆ ಇಳಿಯಲ್ಲ. ಹೋಲಿಸಬೇಕಾದ್ದು ಕಂಬದ ಮೇಲೆ ಬೀಮ್ ಕೂರುವ ದಿನದವರೆಗಿನ ಪೂರ್ತಿ ಖರ್ಚನ್ನು.

ಮೊದಲು ಭಾರ, ಆಮೇಲೆ ಬೆಲೆ

ಪಾಯದ ಖರ್ಚು ಶುರುವಾಗುವುದು ಎಷ್ಟು ಕಂಬ, ಒಂದೊಂದರ ಮೇಲೆ ಎಷ್ಟು ತೂಕ ಅನ್ನುವುದರಿಂದ. ಈ ಲೆಕ್ಕ ಮಾಡದೆ ಕೊಟೇಶನ್ ಕೇಳಿದರೆ ಅವರು ಕೊಟ್ಟಿದ್ದೇ ಸರಿ ಅಂತ ಒಪ್ಪಬೇಕಾಗುತ್ತದೆ.

ಡೆಕ್ ಮೇಲೆ ಜನ, ಕುರ್ಚಿ, ಮೇಜು ಎಲ್ಲ ಸೇರಿ ಚದರ ಮೀಟರ್‌ಗೆ ಸುಮಾರು 195 ಕೆ.ಜಿ. ಅಂತ ಹಿಡಿಯುವುದು ರೂಢಿ. ಮರದ ಸ್ವಂತ ತೂಕಕ್ಕೆ ಇನ್ನೊಂದು 50. ಒಟ್ಟು 245 ಅನ್ನಿ. ಜಾಸ್ತಿ ಹಿಮ ಬೀಳುವ ಕಡೆ ಅಥವಾ ಡೆಕ್ ಮೇಲೆ ನೀರಿನ ತೊಟ್ಟಿ ಇಡುವವರಿಗೆ ಇದು ಸಾಲದು.

ನನ್ನ ಮೊದಲ ಡೆಕ್ ಮನೆಯ ಗೋಡೆಗೆ ಅಂಟಿಕೊಂಡಿರಲಿಲ್ಲ, ಸ್ವತಂತ್ರವಾಗಿ ನಿಂತಿತ್ತು. ಕಂಬಗಳು ಮೂರು ಸಾಲು, ಸಾಲಿಗೆ ಮೂರು. ಒಂದು ದಿಕ್ಕಿನಲ್ಲಿ 2 ಮೀಟರ್ ಅಂತರ, ಇನ್ನೊಂದು ದಿಕ್ಕಿನಲ್ಲಿ ಎರಡೂವರೆ. ಪ್ರತಿ ಕಂಬ ತನ್ನ ಸುತ್ತ ಅರ್ಧ ದೂರದವರೆಗಿನ ಜಾಗವನ್ನು ಹೊರುತ್ತದೆ. ಹಾಗಾಗಿ ನಟ್ಟನಡುವಿನ ಕಂಬದ ಪಾಲಿಗೆ 5 ಚದರ ಮೀಟರ್ ಬಂತು, ಅಂದರೆ 1,225 ಕೆ.ಜಿ. ಅಂಚಿನ ನಡುವೆ ನಿಂತ ನಾಲ್ಕು ಕಂಬಕ್ಕೆ ಅದರ ಅರ್ಧ, ಸುಮಾರು 612. ಮೂಲೆಯ ನಾಲ್ಕಕ್ಕೆ ಕಾಲು ಭಾಗ, 306. ಬೀಮ್ ತುಂಡಾಗದೆ ಮೂರೂ ಕಂಬದ ಮೇಲೆ ಉದ್ದಕ್ಕೂ ಹಾದುಹೋದರೆ ನಡುವಿನ ಕಂಬಕ್ಕೆ ಇನ್ನೂ ಸ್ವಲ್ಪ ಜಾಸ್ತಿ.

ಈಗ ಮಣ್ಣು. ಮಣ್ಣಿನ ಪರೀಕ್ಷೆ ಮಾಡಿಸದವರು ಸಾಧಾರಣ ಜೇಡಿ ಮಣ್ಣಿಗೆ ಚದರ ಮೀಟರ್‌ಗೆ 7,300 ಕೆ.ಜಿ. ಅಂತ ಹಿಡಿಯುತ್ತಾರೆ. 30 ಸೆಂ.ಮೀ. ಅಗಲದ ದುಂಡು ಗುಂಡಿಯ ತಳ ಎಷ್ಟು? 0.07 ಚದರ ಮೀಟರ್. ಅದು ಹೊರುವುದು 515 ಕೆ.ಜಿ. ಮಾತ್ರ. ಮೂಲೆಗೆ ಸಾಕು, ಅಂಚಿಗೆ ಸಾಲದು, ನಡುವಿಗೆ ಅರ್ಧಕ್ಕೂ ಕಮ್ಮಿ. ನಡುವಿನ ಕಂಬಕ್ಕೆ ತಳ ಕನಿಷ್ಠ 47 ಸೆಂ.ಮೀ. ಅಗಲ ಇರಬೇಕಿತ್ತು.

ನಾನು ಇದೇನನ್ನೂ ಮಾಡದೆ ಒಂಬತ್ತಕ್ಕೂ ಕಾಂಕ್ರೀಟ್ ಸುರಿಯುವ 30 ಸೆಂ.ಮೀ. ಕೊಳವೆಯನ್ನೇ ಇಳಿಸಿದೆ. ಎರಡು ವರ್ಷ ಆಗುವಷ್ಟರಲ್ಲಿ ಮಗಳ ಚೆಂಡು ಡೆಕ್‌ನಲ್ಲಿ ಎಲ್ಲಿ ಬಿಟ್ಟರೂ ನಡುವಿಗೇ ಉರುಳಿಬರುತ್ತಿತ್ತು. ಅವಳಿಗೆ ಆಟ, ನನಗೆ ಹೊಟ್ಟೆಯಲ್ಲಿ ಸಂಕಟ. ದಾರ ಎಳೆದು ನೋಡಿದರೆ ನಡುವಿನ ಕಂಬ 2 ಸೆಂ.ಮೀ. ಕೂತಿತ್ತು. ಹಲಗೆ ಬಿಚ್ಚಿ, ಜ್ಯಾಕ್ ಕೊಟ್ಟು ಬೀಮ್ ಎತ್ತಿ, ಕೆಳಗೆ ಸ್ಟೀಲ್ ತಗಡು ತುರುಕುವುದಕ್ಕೆ ಒಂದು ಶನಿವಾರ, ಒಂದು ಭಾನುವಾರ ಹೋಯಿತು. ತಳ ಅಗಲ ಮಾಡಿದ್ದರೆ ಆ ಗುಂಡಿಗೆ ಜಾಸ್ತಿ ಬೇಕಾಗುತ್ತಿದ್ದದ್ದು ಮೂರು ಮೂಟೆ.

ಕಾಂಕ್ರೀಟಿನ ನಿಜವಾದ ಲೆಕ್ಕ

ಆಳ ಎಷ್ಟು ಅನ್ನುವುದು ಜಾಗದ ಮೇಲೆ ಹೋಗುತ್ತದೆ. ನೆಲ ಹೆಪ್ಪುಗಟ್ಟುವ ಕಡೆ ಆ ಹೆಪ್ಪು ಇಳಿಯುವ ಮಟ್ಟಕ್ಕಿಂತ ಕೆಳಗೆ ಹೋಗಲೇಬೇಕು. ನೀರು ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಅದು ಸಾಲದು ಅಂತ ಕೆಳಗಿನ ಮಣ್ಣಿನಿಂದ ಇನ್ನೂ ನೀರು ಎಳೆದುಕೊಂಡು ಪದರ ಪದರವಾಗಿ ಮಂಜುಗಡ್ಡೆ ಬೆಳೆಯುತ್ತದೆ. ಮೇಲಿನ ಡೆಕ್ ಅದಕ್ಕೆ ಲೆಕ್ಕವೇ ಅಲ್ಲ, ಕಂಬ ಸಮೇತ ಎತ್ತಿಬಿಡುತ್ತದೆ. ಹಿಮವೇ ಇಲ್ಲದ ಕಡೆಯೂ ಎರೆ ಮಣ್ಣಿದ್ದರೆ ಒದ್ದೆಯಾದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ಅಲ್ಲೂ ಆಳಕ್ಕೆ ಹೋಗಬೇಕು.

ಆಳ 1.2 ಮೀಟರ್ ಅಂತ ಇಟ್ಟುಕೊಳ್ಳಿ. 30 ಸೆಂ.ಮೀ. ಅಗಲದ ನೇರ ಗುಂಡಿಗೆ 85 ಲೀಟರ್ ಕಾಂಕ್ರೀಟ್. ಅಂಚಿನ ಕಂಬಕ್ಕೆ ತಳದಲ್ಲಿ 40 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪದ ಪಾದ ಕೊಟ್ಟರೆ 96 ಲೀಟರ್. ನಡುವಿನದಕ್ಕೆ 50 ಸೆಂ.ಮೀ. ಪಾದ ಕೊಟ್ಟರೆ 110. ಒಂಬತ್ತೂ ಸೇರಿ 834 ಲೀಟರ್. ಚೆಲ್ಲಿದ್ದು, ಗುಂಡಿ ಓರೆಕೋರೆ ಆಗಿದ್ದು ಅಂತ ಹತ್ತು ಪರ್ಸೆಂಟ್ ಸೇರಿಸಿ, 917. ನೀರು ಬೆರೆಸಿದರೆ ಸಾಕು ಅನ್ನುವ ಸಿದ್ಧ ಮಿಶ್ರಣದ 25 ಕೆ.ಜಿ. ಮೂಟೆಯಿಂದ 12 ಲೀಟರ್‌ಗಿಂತ ಚೂರು ಕಮ್ಮಿ ಬರುತ್ತದೆ. ಅಂದರೆ 78 ಮೂಟೆ. ಹತ್ತಿರ ಎರಡು ಟನ್.

ಈ ಎರಡು ಟನ್ನನ್ನು ಗೇಟಿನಿಂದ ಹಿತ್ತಲಿಗೆ ಹೊರುವವರು ಯಾರು? ಅದು ಮೊದಲ ಪ್ರಶ್ನೆ. ಮಣ್ಣು ಎರಡನೆಯದು. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬುತ್ತದೆ. 834 ಲೀಟರ್ ಗುಂಡಿಯಿಂದ ಒಂದು ಘನ ಮೀಟರ್‌ಗಿಂತ ಜಾಸ್ತಿ ಮಣ್ಣು ಬರುತ್ತದೆ. 60 ಲೀಟರ್ ಹಿಡಿಯುವ ಕೈಗಾಡಿಯಲ್ಲಿ ಹದಿನೇಳು ಹದಿನೆಂಟು ಸಲ. ಅದೂ ಗುಂಡಿಯನ್ನು ಅಳತೆಗೆ ಸರಿಯಾಗಿ ತೋಡಿದರೆ. ಕೈಯಲ್ಲಿ ತೋಡುವಾಗ ಕೆಳಗೆ ಮಾತ್ರ 50 ಸೆಂ.ಮೀ. ಅಗಲ ಮಾಡುವುದು ಸುಲಭವಲ್ಲ. ಮೇಲಿಂದಲೇ ಅಗಲ ತೋಡಿ, ಕೊಳವೆ ಇಳಿಸಿ, ಸುತ್ತ ಮಣ್ಣು ತುಂಬಿ ದಮ್ಮಸು ಮಾಡಬೇಕು.

ಇದರ ಮೇಲೆ ಕೊಳವೆ, ಕಂಬಿ, ಕಂಬ ಹಿಡಿಯುವ ಕ್ಲ್ಯಾಂಪು, ಗುಂಡಿ ಕೊರೆಯುವ ಯಂತ್ರದ ಬಾಡಿಗೆ, ಮಿಕ್ಸರ್ ಬಾಡಿಗೆ. ರೆಡಿಮಿಕ್ಸ್ ಗಾಡಿ ತರಿಸಿದರೆ ಹೊರುವ ಕಷ್ಟ ತಪ್ಪುತ್ತದೆ ನಿಜ. ಆದರೆ ಒಂದು ಘನ ಮೀಟರ್‌ಗೂ ಕಮ್ಮಿ ಮಾಲಿಗೆ ಗಾಡಿ ಬರುವುದಾದರೆ ಕನಿಷ್ಠ ಚಾರ್ಜ್ ಹಾಕುವುದೇ ಜಾಸ್ತಿ. ಗಾಡಿ ಬಂದ ಹೊತ್ತಿಗೆ ಒಂಬತ್ತು ಗುಂಡಿಯೂ ತಯಾರಿರಬೇಕು. ಒಂದರ ಗೋಡೆ ಕುಸಿದಿದ್ದರೂ ಡ್ರೈವರ್ ಕಾಯಲ್ಲ. ನಮ್ಮದರಲ್ಲಿ ರಾತ್ರಿ ಮಳೆ ಬಂದು ಎರಡು ಕುಸಿದಿದ್ದವು. ಪುಣ್ಯಕ್ಕೆ ನಾವು ಮೂಟೆ ತರಿಸಿದ್ದೆವು.

ಕೆಲಸದ ಗಂಟೆಗಳನ್ನೂ ಬರೆದಿಟ್ಟಿದ್ದೆ. ನಾನು, ಭಾಮೈದ ಇಬ್ಬರೂ ಸೇರಿ 58 ಗಂಟೆ. ಮೂರು ವಾರಾಂತ್ಯ. ಆಮೇಲೆ ಕಾಯುವುದು ಬೇರೆ. ಕಾಂಕ್ರೀಟ್ ತನ್ನ ಪೂರ್ತಿ ಲೆಕ್ಕದ ಬಲಕ್ಕೆ ಬರುವುದು 28 ದಿನಕ್ಕೆ. ವಾರಕ್ಕೆ ಅದರ ಮೂರನೇ ಎರಡು ಭಾಗ ಬಂದಿರುತ್ತದೆ. ನಾನು ಒಂದು ವಾರ ಒದ್ದೆ ಗೋಣಿ ಹೊದಿಸಿ ಬಿಟ್ಟು ಆಮೇಲೆ ಬೀಮ್ ಇಟ್ಟೆ. ಬಡಗಿಯನ್ನು ದಿನಗೂಲಿಗೆ ಗೊತ್ತುಮಾಡಿದ್ದರೆ ಆ ವಾರವೂ ಲೆಕ್ಕಕ್ಕೆ ಬರುತ್ತಿತ್ತು.

ಸ್ಟೀಲ್ ಪಿಯರ್ ಅಂದರೆ ದೊಡ್ಡ ಸ್ಕ್ರೂ

ಇದು ಸತುವಿನ ಲೇಪನ ಇರುವ ಕಬ್ಬಿಣದ ಪೈಪು. ಕೆಳತುದಿಯಲ್ಲಿ 20ರಿಂದ 30 ಸೆಂ.ಮೀ. ಅಗಲದ ಸುರುಳಿ ತಟ್ಟೆ. ಯಂತ್ರದಲ್ಲಿ ತಿರುಗಿಸುತ್ತಾ ಹೋದರೆ ಮರಕ್ಕೆ ಸ್ಕ್ರೂ ಇಳಿದ ಹಾಗೆ ನೆಲಕ್ಕಿಳಿಯುತ್ತದೆ. ಹೊಸ ಉಪಾಯ ಅಂದುಕೊಳ್ಳಬೇಡಿ. ಅಲೆಕ್ಸಾಂಡರ್ ಮಿಚೆಲ್ ಅನ್ನುವ ಐರಿಷ್ ಎಂಜಿನಿಯರ್ 1833ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಮ್ಯಾಪ್ಲಿನ್ ಮರಳು ದಿಬ್ಬದ ಮೇಲೆ ಇಂಥ ಸ್ಕ್ರೂ ಕಾಲುಗಳ ಮೇಲೆಯೇ ದೀಪಸ್ತಂಭ ನಿಲ್ಲಿಸಿದರು. ಕಾಲು ಹಾಕಿದರೆ ಹೂತುಹೋಗುವ ಮರಳಿನಲ್ಲಿ ನಿಂತದ್ದು ನಮ್ಮ ಹಿತ್ತಲಲ್ಲಿ ನಿಲ್ಲಲ್ವಾ ಅಂತ ನಾನು ಹೆಂಡತಿಯನ್ನು ಒಪ್ಪಿಸಿದ್ದೆ. ಅವಳು ಕೇಳಿದ್ದು ಒಂದೇ, ಈ ಸಲ ಮಣ್ಣಿನ ಗುಡ್ಡೆ ಇರುತ್ತಾ ಅಂತ. ಇರಲ್ಲ ಅಂದೆ. ನಿಜಕ್ಕೂ ಇರಲಿಲ್ಲ.

ಎರಡನೇ ಡೆಕ್‌ಗೂ ಒಂಬತ್ತು ಪಿಯರ್. ಬೆಳಿಗ್ಗೆ ಬಂದವರು ಮಧ್ಯಾಹ್ನದ ಊಟದ ಹೊತ್ತಿಗೆ ಯಂತ್ರ ಕಟ್ಟಿಕೊಂಡು ಹೊರಟರು. ಅವತ್ತೇ ಸಂಜೆ ಬೀಮ್ ಇಡಬಹುದಿತ್ತು. ಬಿಲ್ ಮಾತ್ರ ಮೊದಲ ಡೆಕ್‌ಗೆ ತಂದ ಕಾಂಕ್ರೀಟ್ ಸಾಮಾನಿನ ಖರ್ಚಿಗಿಂತ ಎಷ್ಟೋ ಜಾಸ್ತಿ.

ಈ ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಬೇರೆ ಬೇರೆ ಬರೆದುಕೊಡಿ ಅಂತ ಕೇಳಿ. ಒಂದು, ಯಂತ್ರ ಮತ್ತು ಜನ ನಿಮ್ಮ ಮನೆಗೆ ಬರುವ ಖರ್ಚು. ನಾಲ್ಕು ಪಿಯರ್ ಹಾಕಿದರೂ ಹದಿನಾಲ್ಕು ಹಾಕಿದರೂ ಅದು ಅಷ್ಟೇ. ಇನ್ನೊಂದು, ಪಿಯರ್ ಒಂದಕ್ಕೆ ಇಷ್ಟು ಅಂತ. ಒಟ್ಟು ಮೊತ್ತವನ್ನು ಒಂಬತ್ತರಿಂದ ಭಾಗಿಸಿ "ಒಂದಕ್ಕೆ ಇಷ್ಟು ಬಿತ್ತು" ಅಂತ ಹೇಳಿದರೆ ಆ ಸಂಖ್ಯೆಯಿಂದ ನಿಮಗೆ ಏನೂ ಉಪಯೋಗವಿಲ್ಲ.

ಕೊಟೇಶನ್‌ನಲ್ಲಿ ನೋಡಬೇಕಾದ ಇನ್ನೊಂದು ಸಾಲು ಹೆಚ್ಚುವರಿ ಪೈಪಿನದು. ಮೇಲಿನ ಮಣ್ಣು ಮೆತ್ತಗಿದ್ದರೆ ಪಿಯರ್ ಗಟ್ಟಿ ಪದರ ಸಿಗುವವರೆಗೆ ಇಳಿಯುತ್ತಲೇ ಇರುತ್ತದೆ, ಆಗ ಮೇಲೆ ಪೈಪು ಜೋಡಿಸಬೇಕು. ನನಗೆ ಒಂಬತ್ತರಲ್ಲಿ ಎರಡಕ್ಕೆ ಜೋಡಿಸಿದರು. ಅದರ ಬೆಲೆ ಮೊದಲೇ ಕೇಳಿರಲಿಲ್ಲ. ಅವರು ಹೇಳಿದ್ದನ್ನು ಕೊಡಬೇಕಾಯಿತು. ಯಂತ್ರ ನೆಲದಲ್ಲಿ ಸಿಕ್ಕಿಕೊಂಡು ನಿಂತಾಗ ಚೌಕಾಶಿ ಮಾಡೋಕಾಗುತ್ತಾ?

ಸ್ಟೀಲ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಟಾರ್ಕ್ ಅಳತೆ. ಪಿಯರ್ ತಿರುಗಿಸಲು ಎಷ್ಟು ಬಲ ಬೇಕಾಯಿತೋ ಅದರಿಂದಲೇ ಅದು ಎಷ್ಟು ಹೊರುತ್ತದೆ ಅಂತ ಅಂದಾಜು ಸಿಗುತ್ತದೆ. 73 ಮಿ.ಮೀ. ಪೈಪಿಗೆ ರೂಢಿಯ ಲೆಕ್ಕ ಹೀಗೆ: ನ್ಯೂಟನ್ ಮೀಟರ್‌ನಲ್ಲಿ ಬಂದ ಟಾರ್ಕನ್ನು 30ರಿಂದ ಗುಣಿಸಿ. ಬಂದದ್ದು ನ್ಯೂಟನ್ ಲೆಕ್ಕದಲ್ಲಿ ಪಿಯರ್‌ನ ಕೊನೆಯ ತಾಕತ್ತು. ಅದರ ಅರ್ಧವನ್ನಷ್ಟೇ ನಂಬಿ. ನಮ್ಮ 1,225 ಕೆ.ಜಿ. ಅಂದರೆ ಸುಮಾರು 12,000 ನ್ಯೂಟನ್. ಎರಡರಷ್ಟು ಮಾಡಿದರೆ 24,000. ಮೂವತ್ತರಿಂದ ಭಾಗಿಸಿದರೆ 800. ಅಂದರೆ ಕೊನೆಯಲ್ಲಿ ಯಂತ್ರದ ಮೀಟರ್ 800 ನ್ಯೂಟನ್ ಮೀಟರ್ ಆದರೂ ತೋರಿಸಬೇಕು. ಪೈಪು ದಪ್ಪವಾದರೆ ಈ 30 ಕಮ್ಮಿಯಾಗುತ್ತದೆ, ಆದ್ದರಿಂದ ನಿಮ್ಮ ಪೈಪಿಗೆ ಎಷ್ಟು ಅಂತ ತಯಾರಕರ ಕಾಗದದಲ್ಲಿ ನೋಡಿ. ಪ್ರತಿ ಪಿಯರ್‌ನ ಟಾರ್ಕ್ ಬರೆದುಕೊಡಲು ಒಪ್ಪದವರ ಕೈಯಲ್ಲಿ ಕೆಲಸ ಮಾಡಿಸಬೇಡಿ. ಕಾಂಕ್ರೀಟ್ ಗುಂಡಿಯ ತಳದ ಮಣ್ಣು ಎಷ್ಟು ಗಟ್ಟಿ ಅಂತ ನನಗೆ ಹೇಳಿದ್ದು ಮಗಳ ಚೆಂಡು, ಅದೂ ಎರಡು ವರ್ಷದ ಮೇಲೆ.

ಎರಡನ್ನೂ ಒಂದೇ ತಕ್ಕಡಿಗೆ

ದುಡ್ಡಿನ ಸಂಖ್ಯೆ ಊರೂರಿಗೆ ಬೇರೆ, ವರ್ಷ ವರ್ಷಕ್ಕೆ ಬೇರೆ. ಅದಕ್ಕೆ ನಾನು ಎಲ್ಲವನ್ನೂ ಮೂಟೆಗೆ ಇಳಿಸಿಬಿಡುತ್ತೇನೆ. ನಿಮ್ಮ ಕಡೆ 25 ಕೆ.ಜಿ. ಮೂಟೆಗೆ ಎಷ್ಟೋ ಅದೇ ಒಂದು ನಾಣ್ಯ. ಬಾಡಿಗೆ, ಕೂಲಿ, ಪಿಯರ್ ಎಲ್ಲವನ್ನೂ ಅದರಿಂದ ಭಾಗಿಸಿ.

ಒಂದು ಉದಾಹರಣೆ. ಇವು ಸುಮ್ನೆ ಹಿಡಿದ ಸಂಖ್ಯೆಗಳು, ದಾರಿ ಮಾತ್ರ ನೋಡಿ. ಸ್ಟೀಲ್ ಯಂತ್ರ ಬರುವುದಕ್ಕೆ 60 ಮೂಟೆ, ಪಿಯರ್ ಒಂದಕ್ಕೆ 20. ಕಾಂಕ್ರೀಟ್‌ಗೆ ಯಂತ್ರಗಳ ಬಾಡಿಗೆ 15 ಮೂಟೆ. ಗುಂಡಿ ಒಂದಕ್ಕೆ ಸಾಮಾನು, ಅಗೆತ, ಹೊರುವುದು, ಮಣ್ಣು ಸಾಗಿಸುವುದು ಎಲ್ಲ ಸೇರಿ 25. ನಾಲ್ಕೇ ಕಂಬದ ಡೆಕ್ ಆದರೆ ಸ್ಟೀಲ್ 140, ಕಾಂಕ್ರೀಟ್ 115. ಕಾಂಕ್ರೀಟ್ ಗೆಲ್ಲುತ್ತದೆ. ಒಂಬತ್ತಾದರೆ ಎರಡೂ 240. ಹನ್ನೆರಡಾದರೆ ಸ್ಟೀಲ್ 300, ಕಾಂಕ್ರೀಟ್ 315.

ಈಗ ಅಗೆಯುವುದು ನೀವೇ ಅನ್ನಿ, ನಿಮ್ಮ ಬೆವರಿಗೆ ಬೆಲೆ ಹಾಕಲಿಲ್ಲ. ಗುಂಡಿಯ 25 ಇಳಿದು 14 ಆಯಿತು. ಆಗ ಕಂಬ ಎಷ್ಟಾದರೂ ಸ್ಟೀಲ್ ಗೆಲ್ಲುವುದೇ ಇಲ್ಲ. ಎಲ್ಲ ಜಗಳವೂ ಇಲ್ಲೇ ಇರುವುದು. ಸ್ಟೀಲ್ ದುಬಾರಿ ಅನ್ನುವವರು ತಮ್ಮ ಕೂಲಿ ಬರೆದಿಲ್ಲ. ಸ್ಟೀಲ್ ಅಗ್ಗ ಅನ್ನುವವರು ಕೂಲಿಯವರನ್ನು ಕರೆಸಿದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಾನು ನನ್ನ ಪಾಲಿನ ಗಂಟೆಗಳಿಗೆ ಅರ್ಧ ಕೂಲಿ ಹಾಕಿಕೊಳ್ಳುತ್ತೇನೆ. ಪೂರ್ತಿ ಹಾಕಲು ನನಗೆ ಆ ಕೆಲಸ ಅಷ್ಟು ಚೆನ್ನಾಗಿ ಬರಲ್ಲ.

ಕಂಬದ ಸಂಖ್ಯೆಯನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ಬೀಮ್ ದಪ್ಪ ಮಾಡಿದರೆ ಕಂಬಗಳ ನಡುವೆ ಅಂತರ ಹೆಚ್ಚಿಸಬಹುದು. ಸ್ಟೀಲ್‌ನಲ್ಲಿ ಒಂದು ಪಿಯರ್ ಕಮ್ಮಿಯಾದರೆ ಅದರ ಬೆಲೆ ಪೂರ್ತಿ ಉಳಿಯುತ್ತದೆ. ಉಳಿದವು ಜಾಸ್ತಿ ಭಾರ ಹೊರಬೇಕು, ಆದರೆ ಪಿಯರ್‌ಗೆ ಅಷ್ಟು ತಾಕತ್ತು ಸಾಮಾನ್ಯವಾಗಿ ಇರುತ್ತದೆ. ಕಾಂಕ್ರೀಟ್‌ನಲ್ಲಿ ಹಾಗಲ್ಲ. ಗುಂಡಿ ಕಮ್ಮಿ ಮಾಡಿದಷ್ಟೂ ಉಳಿದವುಗಳ ಪಾದ ಅಗಲವಾಗುತ್ತದೆ, ಉಳಿತಾಯ ಅಲ್ಲೇ ಕರಗುತ್ತದೆ. ಡೆಕ್‌ನ ಒಂದು ಬದಿಯನ್ನು ಮನೆಯ ಗೋಡೆಗೆ ಸರಿಯಾಗಿ ಬೋಲ್ಟ್ ಮಾಡಲು ಆಗುವುದಾದರೆ ಆ ಬದಿಯ ಸಾಲೇ ಬೇಡ. ಆಗ ಕಂಬ ಆರಕ್ಕೆ ಇಳಿದು, ಯಂತ್ರ ಬರುವ ಖರ್ಚು ಭಾರವಾಗಿ ಕಾಣಿಸುತ್ತದೆ.

ಲೆಕ್ಕವೇ ಬೇಡದ ಜಾಗಗಳು

ಬಂಡೆ ಒಂದು ಅಡಿ ಕೆಳಗೇ ಇದ್ದರೆ ಸ್ಕ್ರೂ ಇಳಿಯಲ್ಲ. ದಪ್ಪ ಕಲ್ಲುಗಳು ತುಂಬಿದ ನೆಲದಲ್ಲೂ ಕಷ್ಟ. ನನ್ನದರಲ್ಲಿ ಒಂದು ಪಿಯರ್ ಕಲ್ಲಿಗೆ ತಗುಲಿ ಸರಿಸಬೇಕಾಯಿತು, ಬೀಮ್ ಸಾಲಿನಲ್ಲೇ ಸರಿಸಲು ಆಗಿದ್ದು ಅದೃಷ್ಟ. ಗುಂಡಿ ತೋಡಿದರೆ ನೀರು ಉಕ್ಕುವ ಜಾಗ, ತುಂಬಿಸಿದ ಸಡಿಲ ಮಣ್ಣು, ಬೇರು ಕಡಿಯಬಾರದ ಮರದ ಬುಡ, ಇಲ್ಲೆಲ್ಲ ಸ್ಟೀಲ್ ಸಲೀಸು. ಉಪ್ಪು ನೀರಿನ ಅಂಚಿನಲ್ಲಿ, ಹುಳಿ ಮಣ್ಣಿನಲ್ಲಿ ಸತುವು ಬೇಗ ಸವೆಯುತ್ತದೆ. ಅಲ್ಲಿ ಕಾಂಕ್ರೀಟ್ ಕಡೆಗೇ ನನ್ನ ಮನಸ್ಸು. ಹಿತ್ತಲಿನ ದಾರಿ ಕಿರಿದಾಗಿದ್ದರೆ ಯಂತ್ರ ಒಳಗೆ ಬರುತ್ತದಾ ಅಂತ ಟೇಪು ಹಿಡಿದು ಅಳೆಯಿರಿ. ಡೆಕ್ ಎತ್ತರದ್ದಾದರೆ ತೆಳು ಪೈಪು ಪಕ್ಕಕ್ಕೆ ಅಲ್ಲಾಡುತ್ತದೆ, ಅಡ್ಡ ಆಸರೆಯ ಖರ್ಚು ಸೇರಿಸಿ.

ಅರ್ಧ ಇದು ಅರ್ಧ ಅದು ಬೇಡ. ಒಂದು ಬದಿ ಕೂತು ಇನ್ನೊಂದು ಬದಿ ಕೂರದಿದ್ದರೆ ಡೆಕ್ ತಿರುಚಿಕೊಳ್ಳುತ್ತದೆ.

ಯಾವುದೇ ಆಗಲಿ, ನೆಲದಡಿ ಕರೆಂಟು, ಗ್ಯಾಸು, ನೀರಿನ ಲೈನು ಎಲ್ಲಿದೆ ಅಂತ ಗುರುತು ಹಾಕಿಸಿದ ಮೇಲೆಯೇ ಗೂಟ ಹೊಡೆಯಿರಿ. ಅನುಮತಿ ಬೇಕಾದ ಕಡೆ ಕಾಂಕ್ರೀಟ್ ಸುರಿಯುವ ಮುಂಚೆ ಖಾಲಿ ಗುಂಡಿಯನ್ನು ಬಂದು ನೋಡುವ ಪದ್ಧತಿ ಇರುತ್ತದೆ. ಆ ಕಾಯುವ ದಿನಗಳಲ್ಲಿ ಗುಂಡಿ ಕುಸಿಯದಂತೆ ಹಲಗೆ, ಟಾರ್ಪಾಲು ಮುಚ್ಚಿಡಿ. ಸ್ಟೀಲ್ ಆದರೆ ಟಾರ್ಕ್ ಬರೆದ ಹಾಳೆ ತೋರಿಸಲು ಕೇಳಬಹುದು. ನನ್ನ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆ ಪತ್ರಗಳ ಜೊತೆ ಇಟ್ಟಿದ್ದೇನೆ. ಒಂಬತ್ತು ಸಾಲು, ಎಲ್ಲಕ್ಕಿಂತ ಕಮ್ಮಿ ಅಂದರೆ 950, ಅದು ಮೂಲೆಯದು. ನಡುವಿನ ಪಿಯರ್ ಎದುರು 1,400 ಅಂತಿದೆ.